ಕಾರ್ಡ್ ಇದೆ, ಪಟ್ಟಿಯಲ್ಲಿಲ್ಲ

ಫ್ರೀಬಿಎಸ್‌ಡಿ ಹಾಕಿ ಮುಗಿಸಿ ಇಫ್‌ಕಾನ್ಫಿಗ್ ಕೊಟ್ಟಾಗ ಎಲ್‌ಓ0 ಒಂದೇ ಕಾಣಿಸಿತು, ನೆಟ್‌ವರ್ಕ್ ಕಾರ್ಡಿನ ಸುಳಿವೇ ಇಲ್ಲವೆನ್ನಿ. ಬಹಳ ಮಂದಿ ಆಗ ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ಇಲ್ಲವೇ ಕಾರ್ಡೇ ಕೆಟ್ಟಿತೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುತ್ತಾರೆ. ಎರಡೂ ಬೇಡ. ಪಿಸಿಐಕಾನ್ಫ್ ಎಂಬ ಕಮಾಂಡನ್ನು ಎಲ್ ಮತ್ತು ವಿ ಆಯ್ಕೆಗಳ ಜೊತೆ ಕೊಟ್ಟು, ಬಂದದ್ದನ್ನು ನಿಧಾನವಾಗಿ ಓದಿ.

ಡ್ರೈವರ್ ಸಿಕ್ಕಿದ ಸಾಧನದ ಸಾಲು ಆ ಡ್ರೈವರಿನ ಹೆಸರಿನಿಂದಲೇ ಶುರುವಾಗುತ್ತದೆ: ಆರ್‌ಎಲ್0, ಇಎಂ0. ಸಿಗದಿದ್ದರೆ ‘ನನ್0’. ನನಗೆ ಈ ನನ್0 ಬಹಳ ಇಷ್ಟ. ಸೋಲನ್ನು ಇಷ್ಟು ನಿಖರವಾಗಿ ಹೇಳುವ ಸಾಲು ಬೇರೆ ಕಡೆ ಕಡಿಮೆ. ಕಾರ್ಡ್ ಸ್ಲಾಟಿನಲ್ಲಿ ಕೂತಿದೆ, ಕರೆಂಟ್ ಬಂದಿದೆ, ಬಸ್ಸು ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಿದೆ. ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಡ್ರೈವರ್ ಮಾತ್ರ ಮುಂದೆ ಬಂದಿಲ್ಲ. ನನ್ ಸಾಲುಗಳು ಒಂದಕ್ಕಿಂತ ಹೆಚ್ಚಿರಬಹುದು. ಕ್ಲಾಸ್ ಸಂಖ್ಯೆ 020000 ಎಂದಿರುವುದೇ ನಿಮ್ಮ ಈಥರ್ನೆಟ್ ಕಾರ್ಡ್.

ಅದೇ ಸಾಲಿನಲ್ಲಿ ಇನ್ನೆರಡು ಸಂಖ್ಯೆಗಳಿವೆ: ತಯಾರಕರದೊಂದು, ಸಾಧನದ್ದೊಂದು. ಇಂಟೆಲ್‌ನದು 8086, ತನ್ನ 1978ರ ಪ್ರೊಸೆಸರಿನ ಹೆಸರೇ. ರಿಯಲ್‌ಟೆಕ್‌ನದು 10ಇಸಿ. ಡಬ್ಬಿಯ ಮೇಲಿನ ಹೆಸರನ್ನು ಮರೆತು ಇವನ್ನು ಬರೆದಿಟ್ಟುಕೊಳ್ಳಿ. ಡಿ-ಲಿಂಕ್‌ನ ಡಿಎಫ್‌ಇ-530ಟಿಎಕ್ಸ್ ಕಾರ್ಡಿನಲ್ಲಿ ವಿಯಾ ಕಂಪನಿಯ ರೈನ್ ಚಿಪ್ ಇತ್ತು. ಹೆಸರಿಗೊಂದು ಪ್ಲಸ್ ಸೇರಿದ ಕಾರ್ಡಿನಲ್ಲಿ ರಿಯಲ್‌ಟೆಕ್ 8139. ಡ್ರೈವರ್ ಕೂಡ ಬೇರೆಯೇ.

ಈ ಪ್ಲಸ್ ಕಾರ್ಡ್ ಇನ್ನೂ ಒಂದು ಪಾಠ ಹೇಳುತ್ತದೆ. ಚಿಪ್ ರಿಯಲ್‌ಟೆಕ್‌ನದಾದರೂ ಕಾರ್ಡ್ ಹೇಳಿಕೊಳ್ಳುವುದು ಡಿ-ಲಿಂಕ್‌ನ ಸಂಖ್ಯೆಯನ್ನು: 1186, 1300. ಡ್ರೈವರ್ ಚಿಪ್ಪಿನ ಒಳಗೆ ಇಣುಕಿ ನೋಡುವುದಿಲ್ಲ. ತನ್ನ ಸೋರ್ಸಿನಲ್ಲಿರುವ ಸಂಖ್ಯೆಗಳ ಪಟ್ಟಿ ನೋಡುತ್ತದೆ, ಅಷ್ಟೇ. ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಊರಲ್ಲೇ ಇದ್ದರೂ ಮತಗಟ್ಟೆಯಿಂದ ಹಿಂದಿರುಗಬೇಕಾಗುವಂತೆ, ಈ ಜೋಡಿ ಸಂಖ್ಯೆ ಆರ್‌ಎಲ್ ಡ್ರೈವರಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಪರಿಚಿತ ಚಿಪ್ಪೂ ಅಪರಿಚಿತವೇ. ಅದೃಷ್ಟಕ್ಕೆ ಅದು ಪಟ್ಟಿಯಲ್ಲಿದೆ. ಹೀಗೆ ಬಿಟ್ಟುಹೋದ ಕಾರ್ಡುಗಳಿಗೆ ಸೋರ್ಸಿನಲ್ಲಿ ಒಂದು ಸಾಲು ಸೇರಿಸಿ ಕರ್ನಲ್ ಕಟ್ಟಿದರೆ ಎಷ್ಟೋ ಸಲ ಜೀವ ಬಂದುಬಿಡುತ್ತದೆ. ಸೋರ್ಸ್ ಕೈಯಲ್ಲಿರುವ ಸಿಸ್ಟಮ್ ಬಳಸುವ ದೊಡ್ಡ ಸುಖ ಇದು.

ಆರ್‌ಎಲ್ ಡ್ರೈವರ್ ಬಂದದ್ದು 1998ರ ಫ್ರೀಬಿಎಸ್‌ಡಿ 3.0ರಲ್ಲಿ. ಬರೆದವರು ಬಿಲ್ ಪಾಲ್. ಅದರ ಸೋರ್ಸ್ ಕಡತದ ಆರಂಭದ ಟಿಪ್ಪಣಿಯಲ್ಲಿ ಅವರು 8139 ಚಿಪ್ಪನ್ನು ಖಾರವಾಗಿಯೇ ಬೈದಿದ್ದಾರೆ, ಕಾರಣ ಕೊಟ್ಟು. ಬಂದ ಪ್ಯಾಕೆಟ್ಟುಗಳನ್ನೆಲ್ಲ ಚಿಪ್ ಒಂದೇ ಬಫರಿಗೆ ಸುರಿಯುತ್ತದೆ. ಒಂದೊಂದನ್ನೂ ಅಲ್ಲಿಂದ ನಕಲು ಮಾಡಿ ತೆಗೆಯುವ ಹೊರೆ ಸಿಪಿಯು ಮೇಲೆ. ಡ್ರೈವರ್ ಬರೆಯುವುದೆಂದರೆ ಏನೆಂದು ತಿಳಿಯಬೇಕೆನ್ನುವವರು ಆ ಟಿಪ್ಪಣಿ ಓದಲೇಬೇಕು.

ಪಿಸಿಐಕಾನ್ಫ್ ಕೊಟ್ಟ ಪಟ್ಟಿಯಲ್ಲಿ ಕಾರ್ಡಿನ ನನ್ ಸಾಲೂ ಇಲ್ಲವೆಂದರೆ ಹುಡುಕಬೇಕಾದ್ದು ಡ್ರೈವರನ್ನಲ್ಲ. ಕಾರ್ಡನ್ನು ತೆಗೆದು ಮತ್ತೆ ಕೂರಿಸಿ, ಬಯಾಸ್‌ನಲ್ಲಿ ಲ್ಯಾನ್ ಆಫ್ ಆಗಿದೆಯೇ ನೋಡಿ. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ‘ರೆವ್ ಎಫ್‌ಎಫ್’ ಎಂದು ತೋರಿಸಿದರೆ ಕಾರ್ಡ್ ಉತ್ತರಿಸುವುದನ್ನೇ ನಿಲ್ಲಿಸಿದೆ. ರೀಬೂಟ್ ಸಾಲದು, ಪವರ್ ಕೇಬಲ್ಲನ್ನೇ ಕಿತ್ತು ಸ್ವಲ್ಪ ಹೊತ್ತು ಬಿಡಿ. ವೈಫೈ ಕಾರ್ಡುಗಳ ಗೋಳು ಬೇರೆ: ಡ್ರೈವರ್ ಇರುತ್ತದೆ, ಫರ್ಮ್‌ವೇರ್ ಇರುವುದಿಲ್ಲ. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರಿನಲ್ಲೇ ಅದು ಬರುತ್ತಿರುವುದು ದೊಡ್ಡ ಉಪಕಾರ.

ಈಗ ಹೆಚ್ಚಾಗಿ ಕಾಡುವುದು ಹೊಸ ಮದರ್‌ಬೋರ್ಡುಗಳ 2.5 ಗಿಗಾಬಿಟ್ ರಿಯಲ್‌ಟೆಕ್ 8125. ಫ್ರೀಬಿಎಸ್‌ಡಿ 13ರ ಕರ್ನಲ್ಲಿನೊಳಗಿರುವ ಆರ್‌ಇ ಡ್ರೈವರಿನ ಪಟ್ಟಿಯಲ್ಲಿ ಅದು ಇಲ್ಲ. ರಿಯಲ್‌ಟೆಕ್-ಆರ್‌ಇ-ಕೆಮಾಡ್ ಪ್ಯಾಕೇಜಿನಲ್ಲಿದೆ. ನೆಟ್ಟೇ ಇಲ್ಲದೆ ಪ್ಯಾಕೇಜ್ ತರುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಸೇರಿಸಿ ಟೆದರಿಂಗ್ ಆನ್ ಮಾಡಿ. ಇಫ್-ಯುಆರ್‌ಎನ್‌ಡಿಐಎಸ್ ಮಾಡ್ಯೂಲ್ ಲೋಡ್ ಆದರೆ ಯುಇ0 ಎಂಬ ಇಂಟರ್‌ಫೇಸ್ ಹುಟ್ಟುತ್ತದೆ. ಅದರ ಮೇಲೆ ಡಿಎಚ್‌ಕ್ಲೈಂಟ್ ಓಡಿಸಿದರೆ ವಿಳಾಸ ಸಿಗುತ್ತದೆ. ಪ್ಯಾಕೇಜ್ ಹಾಕಿದ ಮೇಲೆ ಅದು ಹೇಳುವ ಎರಡು ಸಾಲುಗಳನ್ನೂ ಲೋಡರ್ ಕಾನ್ಫ್ ಕಡತಕ್ಕೆ ಸೇರಿಸಿ. ಹೊಸ ಮಾಡ್ಯೂಲ್ ಎಲ್ಲಿದೆ ಎಂದು ತಿಳಿಸುವ ಎರಡನೆಯ ಸಾಲನ್ನು ಬಿಟ್ಟರೆ ಕರ್ನಲ್ ತನ್ನ ಹಳೆಯ ಆರ್‌ಇಯನ್ನೇ ನೆಚ್ಚಿಕೊಳ್ಳುತ್ತದೆ, ಪಿಸಿಐಕಾನ್ಫ್ ಮತ್ತೆ ನನ್0 ಎನ್ನುತ್ತದೆ.