ಉದ್ಯಾನದಲ್ಲಿ ನಿಂತ ಕಂಬಗಳು: ಕೆಡವಿದ ಕಟ್ಟಡಗಳ ಅವಶೇಷಗಳನ್ನು ಕುರಿತು ಒಂದು ವಿವೇಚನೆ

ನಗರಗಳು ಬೆಳೆದಂತೆ ಅಲ್ಲಿಯ ಹಳೆಯ ಕಟ್ಟಡಗಳು ಅಳಿಯುವುದು ಸರ್ವವಿದಿತವಾದ ಸಂಗತಿ. ಆದರೆ ಅಳಿದ ಕಟ್ಟಡಗಳ ಕಂಬ, ಕಮಾನು, ಕೆತ್ತನೆಯ ಫಲಕಗಳನ್ನು ಆಯ್ದು ತಂದು ಉದ್ಯಾನಗಳಲ್ಲಿ ನಿಲ್ಲಿಸುವ ಪದ್ಧತಿಯು ಇತಿಹಾಸದ ಅಭ್ಯಾಸಿಗಳ ಪರಿಶೀಲನೆಗೆ ವಿಶೇಷವಾಗಿ ಅರ್ಹವಾಗಿದೆ. ಇದು ನಿಜವಾದ ಸಂರಕ್ಷಣೆಯೆ, ಅಥವಾ ಕೆಡವಿದ ತಪ್ಪಿಗೆ ಮಾಡಿಕೊಂಡ ಪ್ರಾಯಶ್ಚಿತ್ತ ಮಾತ್ರವೆ? ಮೂರು ನಿದರ್ಶನಗಳನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ವಿವೇಚಿಸಲೆಳಸುತ್ತೇವೆ.

ಕೆನಡಾದ ಟೊರಾಂಟೊ ನಗರದ ಸ್ಕಾರ್‌ಬರೊ ಭಾಗದಲ್ಲಿ, ಒಂಟಾರಿಯೊ ಸರೋವರದ ಕಡಿದಾದ ದಂಡೆಯ ಮೇಲೆ, ಗಿಲ್ಡ್ ಉದ್ಯಾನವಿದೆ. ರೋಸಾ ಮತ್ತು ಸ್ಪೆನ್ಸರ್ ಕ್ಲಾರ್ಕ್ ದಂಪತಿಗಳು 1932ರಲ್ಲಿ ಅಲ್ಲಿ ಕಲಾವಿದರ ನೆಲೆಯೊಂದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ತರುವಾಯ ನಗರಮಧ್ಯದ ಕಟ್ಟಡಗಳು ಒಂದರ ಹಿಂದೊಂದು ಉರುಳತೊಡಗಿದಾಗ ಅವುಗಳ ಭಾಗಗಳನ್ನು ಅವರು ಸಂಗ್ರಹಿಸಿದರು. 1913ರಲ್ಲಿ ಮುಗಿದ ಬ್ಯಾಂಕ್ ಆಫ್ ಟೊರಾಂಟೊ ಪ್ರಧಾನ ಕಚೇರಿಯು 1966ರಲ್ಲಿ ನೆಲಸಮವಾಯಿತು. ಕೆಡವಿದವರು ಹೊರಗಿನವರಲ್ಲ; 1955ರಲ್ಲಿ ಡೊಮಿನಿಯನ್ ಬ್ಯಾಂಕಿನೊಡನೆ ಒಂದಾಗಿ ಹೊಸ ಗೋಪುರಗಳನ್ನು ಬಯಸಿದ ಅದೇ ಸಂಸ್ಥೆ. ಒಂಟಾರಿಯೊ ಪ್ರಾಂತದ ಪರಂಪರೆ ರಕ್ಷಣೆಯ ಕಾಯಿದೆ ಬಂದುದು 1975ರಲ್ಲಿ, ಅಂದರೆ ಒಂಬತ್ತು ವರ್ಷ ತಡವಾಗಿ. ಕಾಯಿದೆ ಇಲ್ಲದ ಕಾಲದಲ್ಲಿ ಖಾಸಗಿ ನಾಗರಿಕರು ಮಾಡಿದ ಈ ಕಾರ್ಯವನ್ನು ಶ್ಲಾಘಿಸದೆ ಮುಂದೆ ಹೋಗುವುದು ಅನ್ಯಾಯ.

ಆ ಬ್ಯಾಂಕಿನ ಕೊರಿಂಥಿಯನ್ ಕಂಬಗಳಿಂದಲೂ ಕಮಾನುಗಳಿಂದಲೂ 1982ರಲ್ಲಿ, ವಾಸ್ತುಶಿಲ್ಪಿ ರಾನ್ ಥಾಮ್ ಅವರ ಯೋಜನೆಯಂತೆ, ಬಯಲು ರಂಗಸ್ಥಳವೊಂದು ಎದ್ದಿತು. ಠೇವಣಿದಾರರಲ್ಲಿ ಭರವಸೆ ಹುಟ್ಟಿಸಲು ನಿಂತಿದ್ದ ಕಂಬಗಳು ನಾಟಕಕ್ಕೆ ಹಿನ್ನೆಲೆಯಾದವು. ಇದು ಹೊಸ ಬಾಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ಸಂದ ಹೆಸರು ‘ಗ್ರೀಕ್ ರಂಗಮಂದಿರ’. ಈ ಹೆಸರು ನೋಡುವವನ ಮನಸ್ಸನ್ನು ಅಥೆನ್ಸಿಗೆ ಒಯ್ಯುತ್ತದೆ. ಕಂಬಗಳು ನಿಂತಿದ್ದ ಬೀದಿಗೆ ಒಯ್ಯುವುದಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ: ಕಲ್ಲನ್ನು ಉಳಿಸಿದ ಕೈಯೇ ಅದರ ಪೂರ್ವವೃತ್ತಾಂತವನ್ನು ಮಸುಕುಗೊಳಿಸಿದಂತಾಗಿದೆ.

ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದ ರೀತಿ ಬೇರೆ. ಅಮೆರಿಕದ ಸಂಸತ್ ಭವನದ ಪೂರ್ವ ಮುಖಮಂಟಪವನ್ನು 1958ರಲ್ಲಿ ವಿಸ್ತರಿಸಿದಾಗ ತೆಗೆದ ಮರಳುಗಲ್ಲಿನ ಕಂಬಗಳಲ್ಲಿ 22 ಅಲ್ಲಿಯ ಹುಲ್ಲುಗಾವಲಿನಲ್ಲಿ ನಿಂತಿವೆ. 1990ರಲ್ಲಿ ಅವುಗಳ ಸಮರ್ಪಣೆಯಾಯಿತು. ಅವು ಆಕಾಶವನ್ನಲ್ಲದೆ ಬೇರಾವ ಭಾರವನ್ನೂ ಹೊತ್ತಿಲ್ಲ, ಬೇರೊಂದು ಕಟ್ಟಡವೆಂದು ನಟಿಸುವುದೂ ಇಲ್ಲ. ಆದರೂ 1865ರಲ್ಲಿ ಲಿಂಕನ್ನನು ತನ್ನ ಎರಡನೆಯ ಪ್ರಮಾಣವಚನವನ್ನು ಸ್ವೀಕರಿಸಿದ್ದು ಆ ಮುಖಮಂಟಪದಲ್ಲಿ. ಮೆಟ್ಟಿಲಿಲ್ಲದೆ, ಎದುರಿನ ಜನಸಮೂಹಕ್ಕೆ ಎಡೆಯಿಲ್ಲದೆ, ಬಯಲಲ್ಲಿ ನಿಂತ ಕಂಬಗಳಿಂದ ಆ ದೃಶ್ಯವನ್ನು ಕಲ್ಪಿಸಿಕೊಳ್ಳುವುದು ಕಷ್ಟಸಾಧ್ಯ.

ಲಂಡನ್ನಿನ ಟೆಂಪಲ್ ಬಾರ್ ಎಂಬ ಹೆಬ್ಬಾಗಿಲ ಕಥೆ ಇನ್ನೂ ಬೋಧಪ್ರದವಾದುದು. ವಾಹನಸಂಚಾರಕ್ಕೆ ತಡೆಯೆಂದು 1878ರಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಕಾದಿರಿಸಿದರು. ಮುಂದೆ ಹರ್ಟ್‌ಫರ್ಡ್‌ಶೈರಿನ ಥಿಯೊಬಾಲ್ಡ್ಸ್ ಉದ್ಯಾನದಲ್ಲಿ ಅದು ನಿಂತಿತು. 2004ರಲ್ಲಿ ನಗರಕ್ಕೆ ಮರಳಿ, ಮೂಲಸ್ಥಳದಲ್ಲಲ್ಲದಿದ್ದರೂ, ಸಂತ ಪಾಲ್ ಇಗರ್ಜಿಯ ಬಳಿ ನೆಲೆಸಿತು. ಇಡಿಯಾಗಿ ಉಳಿದುದಕ್ಕೆ ಹಿಂದಿರುಗುವ ದಾರಿಯೂ ಉಳಿಯುತ್ತದೆ. ಬಿಡಿಯಾಗಿ ಆಯ್ದುದಕ್ಕೆ ಆ ದಾರಿಯಿಲ್ಲ.

ಶಾಸನಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಹೊಸದೆನಿಸದು. ಹೊಲದ ಎಲ್ಲೆಯಲ್ಲಿದ್ದ ಕಲ್ಲನ್ನು ವಸ್ತುಸಂಗ್ರಹಾಲಯದ ಅಂಗಳಕ್ಕೆ ತಂದರೆ ಅಕ್ಷರಗಳು ಉಳಿಯುತ್ತವೆ, ಎಲ್ಲೆ ಹೋಗುತ್ತದೆ. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ವು ಶಾಸನದ ಪಾಠದೊಡನೆ ಅದು ದೊರೆತ ಊರನ್ನೂ ತಾಣವನ್ನೂ ಗುರುತಿಸಿದುದು ಈ ಕಾರಣದಿಂದಲೇ ಬೆಲೆಯುಳ್ಳದ್ದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಉದ್ಯಾನದ ಅವಶೇಷವು ಕಟ್ಟಡಕ್ಕೆ ಬದಲಿಯಲ್ಲ, ಅದು ಸಾಕ್ಷಿ. ತಾನು ಎಲ್ಲಿದ್ದೆ, ಯಾರು ಕೆಡವಿದರು, ಏಕೆ ಕೆಡವಿದರು ಎಂಬುದನ್ನು ಹೇಳಲು ಬಿಟ್ಟಲ್ಲಿ ಮಾತ್ರ ಸಾಕ್ಷಿಗೆ ಬೆಲೆ. ಹಾಗೆ ಹೇಳಗೊಡದಿದ್ದರೆ ಎಷ್ಟು ಸುಂದರವಾದ ಕಂಬವೂ ತೋಟದ ಅಲಂಕಾರವಷ್ಟೇ ಆದೀತು.