ಅಜ್ಜಿಯನ್ನು ‘ತಗೊಂಡು’ ಹೋಗಬಹುದೇ?

ಹೋದ ಚಳಿಗಾಲದಲ್ಲಿ ಅಮ್ಮ ಹಾಸನದಿಂದ ಕುವೈತಿಗೆ ಬಂದು ಎರಡು ತಿಂಗಳು ನಮ್ಮ ಜೊತೆಗಿದ್ದರು. ಒಂದು ಶುಕ್ರವಾರ ಸಂಜೆ, ಏಳು ವರ್ಷದ ಮಗಳು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಇವತ್ತು ಅಜ್ಜೀನ ಬೀಚಿಗೆ ತಗೊಂಡು ಹೋಗೋಣ” ಅಂದಳು. ಅಮ್ಮ ನಕ್ಕರು. “ತಗೊಂಡು ಹೋಗೋಕೆ ನಾನೇನು ಉಪ್ಪಿನಕಾಯಿ ಭರಣಿನಾ, ಪುಟ್ಟಿ?”

ಮಗಳಿಗೆ ತನ್ನ ತಪ್ಪು ಏನು ಅಂತ ಅರ್ಥವಾಗಲಿಲ್ಲ. ಆಮೇಲೆ ಯೋಚಿಸಿದರೆ, ತಪ್ಪು ಅವಳದ್ದಲ್ಲ, ನನ್ನದು. ನಮ್ಮ ಕಟ್ಟಡದ ನಾಲ್ಕೈದು ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಹೇಳಿಕೊಡುತ್ತೇನೆ. ಅವರಿಗೆಂದು ನಾನೇ ಮಾಡಿದ ಹಾಳೆಯಲ್ಲಿ ಎಡಗಡೆ ಇಂಗ್ಲಿಷ್ ಕ್ರಿಯಾಪದ, ಬಲಗಡೆ ಕನ್ನಡ. ‘ಟೇಕ್’ ಎದುರಿಗೆ ‘ತೆಗೆದುಕೊಳ್ಳು’. ಮಗು ಅದನ್ನು ನಂಬಿತು. ಇಂಗ್ಲಿಷಿನಲ್ಲಿ ಭರಣಿಗೂ ಅಜ್ಜಿಗೂ ‘ಟೇಕ್’ ಸಾಕು. ಹಾಗಾದರೆ ಕನ್ನಡದಲ್ಲೂ ಒಂದೇ ಸಾಕಲ್ಲ?

ಈ ಬರಹ ನನ್ನ ಆ ಹಾಳೆಯ ವಿಮರ್ಶೆ. ಜೊತೆಗೆ ಆ ಹಾಳೆ ಯಾವ ಅಭ್ಯಾಸದಿಂದ ಹುಟ್ಟಿತೋ ಅದರದ್ದೂ ಹೌದು.

ಇಂಗ್ಲಿಷಿನ ಚಿಕ್ಕ ಕ್ರಿಯಾಪದಗಳು ನೋಡಲು ಚಿಕ್ಕವು, ಹೊಟ್ಟೆ ಮಾತ್ರ ದೊಡ್ಡದು. 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಎಂಬ ಕ್ರಿಯಾಪದದ್ದು. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಅದೊಂದಕ್ಕೇ 645 ಅರ್ಥ ಗುರುತಿಸಿದ್ದಾರೆ. ‘ಟೇಕ್’ ಕೂಡ ಇದೇ ಜಾತಿಯದು. ಅದು ಇಂಗ್ಲಿಷಿನ ಸ್ವಂತ ಮಗುವೂ ಅಲ್ಲ, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಟಾಕಾ’ದಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಆ ಕೆಲಸ ಮಾಡುತ್ತಿದ್ದ ‘ನಿಮನ್’ ಎಂಬ ಪದವನ್ನು ಅದು ಮನೆಯಿಂದಲೇ ಆಚೆ ಹಾಕಿತು. ಜೋಮು ಹಿಡಿದಿದೆ ಅನ್ನೋದಕ್ಕೆ ಇಂಗ್ಲಿಷಿನವರು ಬಳಸುವ ‘ನಂಬ್’ ಪದದಲ್ಲಿ ಆ ಹಳೆಯ ಕ್ರಿಯಾಪದದ ಗುರುತು ಉಳಿದಿದೆ.

ಇಂಥ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ನಮ್ಮ ಜೇಬು ನಿಘಂಟುಗಳ ಉತ್ತರ ಒಂದು ಸಾಲು: ತೆಗೆದುಕೊ, ಹಿಡಿ, ಸ್ವೀಕರಿಸು, ಒಯ್ಯು, ಪಡೆ. ನಡುವೆ ಅಲ್ಪವಿರಾಮ. ಯಾವುದು ಎಲ್ಲಿಗೆ ಅಂತ ಆ ಅಲ್ಪವಿರಾಮ ಹೇಳುವುದಿಲ್ಲ. ಕನ್ನಡ ಮೊದಲೇ ಗೊತ್ತಿರುವವನಿಗೆ ಇದು ಸಾಕು. ಆದರೆ ಗೊತ್ತಿರುವವನು ಆ ಪುಟ ತೆಗೆಯುವುದೇ ಇಲ್ಲವಲ್ಲ! ಫೋನಿನ ಅನುವಾದ ಯಂತ್ರವೂ ಎಷ್ಟೋ ಸಲ ಆ ಪಟ್ಟಿಯ ಮೊದಲ ಪದವನ್ನೇ ಹಿಡಿದು ಕೂರುತ್ತದೆ. ‘ಸಭೆ ಸ್ಥಳ ತೆಗೆದುಕೊಂಡಿತು’ ಎಂಬ ವಾಕ್ಯ ಹುಟ್ಟುವುದು ಹೀಗೆ.

ನಾವು ನಿಜವಾಗಿ ಏನು ಮಾತಾಡುತ್ತೇವೆ ಅಂತ ಒಂದು ವಾರ ಗಮನಿಸಿ ಬರೆದಿಟ್ಟೆ. ಫೋಟೋ ತೆಗೀತೀವಿ. ಬಸ್ಸು ಹಿಡೀತೀವಿ. ಸ್ನಾನ ಮಾಡ್ತೀವಿ. ಪರೀಕ್ಷೆ ಬರೀತೀವಿ. ಕೆಲಸ ಸಮಯ ಹಿಡಿಯುತ್ತೆ. ಜವಾಬ್ದಾರಿ ವಹಿಸಿಕೊಳ್ತೀವಿ, ತಪ್ಪು ಒಪ್ಪಿಕೊಳ್ತೀವಿ, ಪಾಠ ಬರೆದುಕೊಳ್ತೀವಿ, ಮಾತನ್ನು ಮನಸ್ಸಿಗೆ ಹಚ್ಚಿಕೊಳ್ತೀವಿ, ಮಗೂನ ಎತ್ತಿಕೊಳ್ತೀವಿ, ಇನ್ನೊಬ್ಬರದ್ದನ್ನು ಕಿತ್ತುಕೊಳ್ತೀವಿ. ಇಂಗ್ಲಿಷಿಗೆ ತಿರುಗಿಸಿದರೆ ಇವೆಲ್ಲದರಲ್ಲೂ ‘ಟೇಕ್’ ಬರಬಹುದು.

ಪಟ್ಟಿ ನೋಡ್ತಾ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಟೇಕ್’ಗೆ ನಮ್ಮಲ್ಲಿ ಸಾಟಿಯಾದ ಪದ ‘ತೆಗೆ’ ಅಲ್ಲವೇ ಅಲ್ಲ. ‘ತೆಗೆ’ ಅಂದರೆ ಹೊರಕ್ಕೆ ಎಳೆ, ಬಿಚ್ಚು. ಬಾಗಿಲು ತೆಗಿ, ಅಂಗಿ ತೆಗಿ. ಸಾಟಿಯಾದದ್ದು ಕೊನೆಯಲ್ಲಿ ಅಂಟಿಕೊಂಡಿರುವ ‘ಕೊಳ್ಳು’. ಹಳಗನ್ನಡದಲ್ಲಿ ‘ಕೊಳ್’ ಅಂದರೆ ತೆಗೆದುಕೊ, ಹಿಡಿ, ಪಡೆ ಅಂತಲೇ ಅರ್ಥ. ಇವತ್ತು ಒಂಟಿಯಾಗಿ ನಿಂತರೆ ಅದು ಅಂಗಡಿಗೆ ಮಾತ್ರ ಹೋಗುತ್ತದೆ. ಆದರೆ ಇನ್ನೊಂದು ಕ್ರಿಯಾಪದದ ಹಿಂದೆ ನಿಂತರೆ, ಆ ಕೆಲಸವನ್ನು ಮಾಡುವವರ ಕಡೆಗೆ ತಿರುಗಿಸುತ್ತದೆ. ಕನ್ನಡ ‘ಕೊಳ್ಳು’ ಅಂತ ಒಂದೇ ಪದ ಹೇಳಿ ಸುಮ್ಮನಾಗಲು ಬಿಡುವುದಿಲ್ಲ. ಹೇಗೆ ಕೊಂಡೆ ಅಂತ ಕೇಳುತ್ತದೆ. ಎತ್ತಿಯೋ, ಹಿಡಿದೋ, ಕಿತ್ತೋ, ಒಪ್ಪಿಯೋ? ಉತ್ತರ ಮೊದಲ ಪದದಲ್ಲಿರಬೇಕು.

ಅಮ್ಮನ ತಕರಾರು ಇದ್ದದ್ದು ಅಲ್ಲಿಯೇ. ಅವರಿಗೆ ಬೇಕಾದದ್ದು ‘ಕರೆದುಕೊಂಡು’. ಅಂದರೆ ಮೊದಲು ಕರೆಯಬೇಕು, ಅವರು ಬರಬೇಕು, ಆಮೇಲೆ ಜೊತೆಗೆ ಹೋಗಬೇಕು. ಕರೆಸಿಕೊಳ್ಳುವವರಿಗೆ ಕಿವಿಯಿದೆ, ಕಾಲಿದೆ, ಬರಲ್ಲ ಅನ್ನುವ ಬಾಯಿಯೂ ಇದೆ. ಪಕ್ಕದ ಫ್ಲಾಟಿನ ಉಡುಪಿಯವರನ್ನು ಕೇಳಿದೆ. ತುಳುವಿನಲ್ಲೂ ಮನುಷ್ಯರಿಗೆ ‘ಲೆತೊಂದು’. ‘ಲೆಪ್ಪು’ ಅಂದರೆ ಕರೆ. ತಮಿಳಿನವರು ಜನರನ್ನು ‘ಕೂಟ್ಟಿ’ಕೊಂಡು ಹೋಗುತ್ತಾರೆ, ಅಂದರೆ ಕೂಡಿಸಿಕೊಂಡು. ಹಿಂದಿಯಲ್ಲಿ ತಾಯಿಗೂ ತಟ್ಟೆಗೂ ‘ಲೇ ಜಾನಾ’ ನಡೆಯುತ್ತದೆ. ಇಲ್ಲಿಯ ಬೀದಿಯ ಅರಬ್ಬಿಯಲ್ಲೂ ಮಗುವನ್ನು ಶಾಲೆಗೆ ಬಿಡಲು, ಪೊಟ್ಟಣ ಮುಟ್ಟಿಸಲು ‘ವದ್ದಿ’ ಒಂದೇ ಸಾಕು. ಆ ಭಾಷೆಗಳಲ್ಲಿ ಅಜ್ಜಿಯರಿಗೆ ಗೌರವ ಕಡಿಮೆ ಅಂತ ಇದರ ಅರ್ಥವಲ್ಲ. ಅವರು ಗೌರವವನ್ನು ಬೇರೆ ಕಡೆ ಇಟ್ಟಿದ್ದಾರೆ. ನಾವು ಇಲ್ಲಿ ಇಟ್ಟಿದ್ದೇವೆ.

ಈ ವ್ಯತ್ಯಾಸದ ತೂಕ ಕುವೈತಿನಲ್ಲಿರುವವರಿಗೆ ಬೇಗ ಗೊತ್ತಾಗುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಒಳನುಗ್ಗಿತು. ಮುಂದಿನ ತಿಂಗಳುಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಭಾರತೀಯರು, ಬಹುಪಾಲು ಜೋರ್ಡಾನಿನ ಅಮ್ಮಾನ್ ಮೂಲಕ, ಏರ್ ಇಂಡಿಯಾ ವಿಮಾನಗಳಲ್ಲಿ ಊರು ಸೇರಿದರು. ಅವರನ್ನು ಕನ್ನಡದಲ್ಲಿ ‘ಕರೆತಂದರು’ ಅನ್ನುತ್ತೇವೆ. 2024ರ ಜೂನ್ 12ರಂದು ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನದ ನಂತರ ವಾಯುಪಡೆಯ ವಿಮಾನದಲ್ಲಿ 45 ಭಾರತೀಯರ ದೇಹಗಳು ಕೊಚ್ಚಿಗೆ ಬಂದವು. ಅವರನ್ನು ಕರೆತಂದರು ಅನ್ನಲು ಬಾಯಿ ಬರುವುದಿಲ್ಲ. ದೇಹಗಳನ್ನು ‘ತಂದರು’. ಸಾವಿನ ಮನೆಯ ಅಂಗಳದಲ್ಲಿ ನಿಂತವರು ಮೆಲ್ಲಗೆ ಕೇಳುವುದೂ “ಎಷ್ಟೊತ್ತಿಗೆ ತಗೊಂಡು ಹೋಗ್ತಾರೆ?” ಅಂತಲೇ. ಬೀಚಿನ ಮಾತಿಗೆ ನಮ್ಮಮ್ಮ ನಕ್ಕರು ನಿಜ. ಆದರೆ ಹಳ್ಳಿಯಲ್ಲಿ ಅದೇ ಮಾತನ್ನು ದೊಡ್ಡವನೊಬ್ಬ ಬದುಕಿರುವ ಮುದುಕಿಯ ಬಗ್ಗೆ ಆಡಿದ್ದರೆ ಯಾರೂ ನಗುತ್ತಿರಲಿಲ್ಲ.

ಹಾಗಂತ ಕನ್ನಡ ಬಹಳ ಸೂಕ್ಷ್ಮ ಅಂತ ಬೆನ್ನು ತಟ್ಟಿಕೊಂಡು ಮುಗಿಸಿದರೆ ಅದು ಅರ್ಧ ಸತ್ಯ. ಇದೇ ಕನ್ನಡದಲ್ಲಿ ನಾವು ‘ಹಾಸನದಿಂದ ಹೆಣ್ಣು ತಂದಿದ್ದೀವಿ’ ಅನ್ನುತ್ತೇವೆ. ಹೆಣ್ಣನ್ನು ಕೊಡುತ್ತೇವೆ, ತರುತ್ತೇವೆ. ಅಲ್ಲಿ ‘ಕರೆ’ ಎಲ್ಲಿ ಹೋಯಿತು? ‘ಕಂಪನಿ ಐವತ್ತು ಜನರನ್ನ ತಗೊಂಡಿದೆ’ ಅಂತಲೂ ಆರಾಮಾಗಿ ಹೇಳುತ್ತೇವೆ. ಗಲ್ಫಿಗೆ ಬಂದವರಲ್ಲಿ ಬಹಳ ಜನ ಹೀಗೆ ‘ತಗೊಳ್ಳಲ್ಪಟ್ಟವರೇ’. ‘ಕೆಲಸಕ್ಕೆ ಸೇರಿಸಿಕೊಂಡರು’ ಎಂಬ ಒಳ್ಳೆಯ ಮಾತು ಕೈಯಲ್ಲೇ ಇದ್ದರೂ ನಾಲಿಗೆ ಅತ್ತ ಹೋಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ‘ಒಯ್ಯು’ ಸಾಮಾನಿಗೂ ಸಲ್ಲುತ್ತದೆ, ಆಸ್ಪತ್ರೆಗೆ ಸೇರಿಸಬೇಕಾದ ರೋಗಿಗೂ ಸಲ್ಲುತ್ತದೆ. ವ್ಯಾಕರಣ ಒಂದು ಅವಕಾಶ ಕೊಡುತ್ತದೆ, ಅಷ್ಟೇ. ಅದನ್ನು ಯಾರಿಗೆ ಬಳಸುತ್ತೇವೆ, ಯಾರಿಗೆ ಬಿಡುತ್ತೇವೆ ಅನ್ನೋದು ನಮ್ಮ ಜವಾಬ್ದಾರಿ.

ಎಲ್ಲ ಬದಲಾವಣೆಯೂ ನಷ್ಟ ಅಂತಲೂ ನಾನು ಹೇಳುತ್ತಿಲ್ಲ. ಮಾತ್ರೆ ‘ನುಂಗಿ’ದರೂ ‘ತಗೊಂಡರೂ’ ಕಾಯಿಲೆಗೆ ವ್ಯತ್ಯಾಸವಿಲ್ಲ. ‘ಕಾಫಿ ತಗೊಳ್ಳಿ’ ಅನ್ನುವುದರಲ್ಲಿ ‘ಕಾಫಿ ಕುಡೀರಿ’ಗಿಂತ ಒಂದು ತೂಕ ಉಪಚಾರ ಹೆಚ್ಚೇ ಇದೆ. ‘ರಿಸ್ಕ್ ತಗೋಬೇಡ’ ಅನ್ನುವುದೂ ಇವತ್ತು ಕನ್ನಡವೇ. ನನ್ನ ಮಗಳು ‘ಬಸ್ಸು ತಗೊಂಡೆ’ ಅಂದರೆ ನಾನು ತಿದ್ದುವುದಿಲ್ಲ; ಎಷ್ಟಕ್ಕೆ ತಗೊಂಡೆ ಅಂತ ಒಂದು ತಮಾಷೆ ಮಾಡಿ ಸುಮ್ಮನಾಗುತ್ತೇನೆ. ಆದರೆ ಮನುಷ್ಯರಿಗೂ ಸಾಮಾನಿಗೂ ಇರುವ ಗೆರೆ ಅಳಿಸಿದಾಗ ತಿದ್ದುತ್ತೇನೆ.

ಹೇಗೆ ತಿದ್ದುವುದು? ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಮಾಡಿದ್ದು ನನಗೆ ದಾರಿ ತೋರಿಸಿತು. ಓದುಗರು ಕೇಳಿದ ಒಂದೊಂದು ಪದವನ್ನೂ ಅದರ ಬಳಕೆಯ ಜೊತೆಗಿಟ್ಟು ವಿವರಿಸುತ್ತಿದ್ದರು. ಎಂಟು ಸಂಪುಟದ ನಿಘಂಟಿನ ಪ್ರಧಾನ ಸಂಪಾದಕರಿಗೆ ಒಂದು ಪದಕ್ಕಾಗಿ ನಿಲ್ಲುವ ತಾಳ್ಮೆಯಿತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಅವಸರ.

ಹಾಳೆ ಹರಿದೆ. ಈಗ ಮಕ್ಕಳಿಗೆ ಪಟ್ಟಿ ಕೊಡುವುದಿಲ್ಲ. ಒಂದು ಕಲ್ಲಂಗಡಿ, ಒಂದು ಕೂಸು, ಒಂದು ಬೆಕ್ಕು, ಒಬ್ಬ ಅಜ್ಜಿಯ ಚಿತ್ರ ಬರೆದು ಕೇಳುತ್ತೇನೆ: ಇವರನ್ನೆಲ್ಲ ಮನೆಗೆ ಸೇರಿಸಬೇಕು, ಹೇಗೆ? ಬೆಕ್ಕಿನ ಬಗ್ಗೆ ಪ್ರತಿ ವಾರ ಜಗಳವಾಗುತ್ತದೆ. ಒಬ್ಬ ಹಿಡ್ಕೊಂಡು ಅನ್ನುತ್ತಾನೆ, ಇನ್ನೊಬ್ಬಳು ಎತ್ಕೊಂಡು, ಮತ್ತೊಬ್ಬಳು ಕರ್ಕೊಂಡು. ಮೂರೂ ಸರಿ ಅಂತ ಹೇಳಿ ಮುಂದೆ ಹೋಗುತ್ತೇನೆ.

ಅಮ್ಮ ಹೊರಟ ದಿನ ಸೂಟ್‌ಕೇಸು ಕೆಳಗಿಳಿಸುವಾಗ ಮಗಳು ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದಳು. “ನೀನು ಬ್ಯಾಗ್ ತಗೊಂಡು ಬಾ,” ಅಂದಳು, “ಅಜ್ಜೀನ ನಾನು ಕರ್ಕೊಂಡು ಬರ್ತೀನಿ.”