ಸೂಪ್ ಚೆಲ್ಲಿಸದ ಡ್ರೈವರ್

ಇವತ್ತು ಬ್ಲೂಬೆಲ್ ರೈಲಿನಲ್ಲಿ ಉಂಡ ರಾತ್ರಿಯೂಟದ ಮೆನು ಬರೆಯಬೇಕಿತ್ತು. ಇಂಗ್ಲೆಂಡಿನ ಸಸೆಕ್ಸ್ ಸೀಮೆ, ಶೆಫೀಲ್ಡ್ ಪಾರ್ಕ್‌ನಿಂದ ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ 11 ಮೈಲಿ ಹಳಿ, ಉಗಿ ಎಂಜಿನ್ನಿನ ಹಿಂದೆ ಐಷಾರಾಮಿ 'ಗೋಲ್ಡನ್ ಆ್ಯರೋ' ಪುಲ್‌ಮನ್ ಬೋಗಿಗಳು. ಬಿಳಿ ಹಾಸಿನ ಮೇಜು, ಅದರ ಮೇಲೊಂದು ಗಿಡ್ಡ ದೀಪ. ಆದರೆ ಬರೆಯಲು ಕೂತರೆ ಮೆನು ನೆನಪಾಗುತ್ತಿಲ್ಲ, ಸೂಪ್ ಬಟ್ಟಲೊಂದೇ ಕಣ್ಣ ಮುಂದೆ ಬರುತ್ತಿದೆ.

ಫ್ರೆಶ್‌ಫೀಲ್ಡ್ ಎಂಬಲ್ಲಿ ಈ ಹಳಿಯ ಏರು 75ಕ್ಕೆ 1. ಅಲ್ಲಿ ಸೂಪ್ ಬಟ್ಟಲಿನ ಹಿಂಬದಿಗೆ ಎರಡು ಮಿಲಿಮೀಟರ್ ವಾಲಿತು, ಸಣ್ಣಗೆ ನಡುಗಿತು, ಅಂಚು ಮಾತ್ರ ದಾಟಲಿಲ್ಲ. ಇದು ಬಾಣಸಿಗರ ಹೆಚ್ಚುಗಾರಿಕೆಯಲ್ಲ, ಡ್ರೈವರ್ ಕೈಗುಣ. ಉಗಿ ಬಿಡುವ ರೆಗ್ಯುಲೇಟರನ್ನು ಒಮ್ಮೆಲೇ ಎಳೆದರೆ ಚಕ್ರ ಜಾರುತ್ತದೆ, ಬೋಗಿ ಜಗ್ಗುತ್ತದೆ, ಹಾಸು ಕೆಡುತ್ತದೆ. ಕೈ ಪಳಗಿದವರು ಮೊದಲು ಚೂರೇ ತೆರೆದು, ಕೊಂಡಿಗಳೆಲ್ಲ ಬಿಗಿಯಾದ ಮೇಲೆ ಉಗಿ ಕೊಡುತ್ತಾರೆ. ಫೈರ್‌ಮನ್ ಏರು ಬರುವ ಮೊದಲೇ ಬೆಂಕಿ ಕಟ್ಟಿಟ್ಟಿರಬೇಕು.

ಸ್ಟೇಷನ್ ಪಕ್ಕ ಹಳೇ ಬೋಗಿ ನಿಲ್ಲಿಸಿ, ಎಸಿ ಹಾಕಿ, ರೈಲಿನಲ್ಲಿ ಊಟ ಎಂದು ಬೋರ್ಡು ಬರೆಸುವ ಈಗಿನ ಚಾಳಿಯನ್ನು ಅದಕ್ಕೇ ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಬೋಗಿ ನಿಜದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಿಜದ್ದೇ. ಆದರೆ ಅಲ್ಲಿ ಸೂಪ್ ಅಲುಗುವುದಿಲ್ಲ. ನಮ್ಮ ಐಷಾರಾಮಿ ರೈಲು ಗೋಲ್ಡನ್ ಚಾರಿಯಟ್ಟಿಗೆ ಉಗಿ ಎಂಜಿನ್ ಇಲ್ಲ; ಆದರೂ ಅದರ 'ನಳ', 'ರುಚಿ' ಬೋಗಿಗಳ ಊಟವನ್ನು ರೈಲೂಟ ಎನ್ನುತ್ತೇನೆ. ಅವು ಓಡುತ್ತವೆ.

ಓಡುತ್ತಲೇ ಉಣ್ಣುವ ಸುಖ ಪುಕ್ಕಟೆ ಬಂದದ್ದಲ್ಲ. ಮೊದಲೆಲ್ಲ ರೈಲು ನಿಂತರೆ ಮಾತ್ರ ಊಟ: ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ಕಂಪನಿಯ ರೈಲುಗಳು ಸ್ವಿಂಡನ್ನಿನಲ್ಲಿ ಸುಮಾರು 10 ನಿಮಿಷ ನಿಲ್ಲಲೇಬೇಕೆಂದು ಅಲ್ಲಿನ ಉಪಾಹಾರ ಗೃಹದ ಗುತ್ತಿಗೆಯಲ್ಲೇ ಬರೆದಿತ್ತು. ಕಾಫಿ ಎಷ್ಟು ಕೆಟ್ಟದಾಗಿತ್ತೆಂದರೆ, ಆ ಮಾರ್ಗ ಕಟ್ಟಿದ ಬ್ರುನೆಲ್ ಅವರೇ ಸಿಟ್ಟಿನ ಪತ್ರ ಬರೆದರು. ಗುತ್ತಿಗೆಯಿಂದ ಬಿಡಿಸಿಕೊಳ್ಳಲು ಕಂಪನಿ 1895ರಲ್ಲಿ 1 ಲಕ್ಷ ಪೌಂಡ್ ತೆತ್ತಿತು. ಡಿಕನ್ಸ್ 1866ರಲ್ಲಿ ಬರೆದ 'ಮಗ್ಬಿ ಜಂಕ್ಷನ್' ಕಥೆಗಳಲ್ಲಿ ಇಂಥದೇ ಉಪಾಹಾರ ಗೃಹದ ಹುಡುಗನೊಬ್ಬ, ಪ್ರಯಾಣಿಕರನ್ನು ಹಸಿದ ಹೊಟ್ಟೆಯಲ್ಲೇ ಸಾಗಹಾಕುವುದನ್ನು ಕುಲಕಸುಬಿನಂತೆ ವರ್ಣಿಸುತ್ತಾನೆ. ರೈಲೂಟದ ಬಗ್ಗೆ ಅದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ. 1879ರಲ್ಲಿ ಲಂಡನ್–ಲೀಡ್ಸ್ ರೈಲಿಗೆ ಅಡುಗೆಮನೆಯುಳ್ಳ ಪುಲ್‌ಮನ್ ಬೋಗಿ ಸೇರಿದ ಮೇಲೆ ಬ್ರಿಟನ್ನಿನಲ್ಲಿ ಚಲಿಸುವ ಊಟ ಶುರುವಾಯಿತು.

ಅದಕ್ಕಿಂತಲೂ ಹಸಿವಿಗೆ ಹತ್ತಿರವಾದ ಅಡುಗೆ ಎಂಜಿನ್ನಿನೊಳಗೇ ನಡೆಯುತ್ತದೆ. ಕಲ್ಲಿದ್ದಲಿನ ಸಲಿಕೆಯನ್ನು ಬಾಯ್ಲರಿನ ಬಿಸಿನೀರಲ್ಲಿ ತೊಳೆದು, ಕೊಬ್ಬು ಸವರಿ, ಬೇಕನ್ ಹರವಿ, ಮೊಟ್ಟೆ ಒಡೆದು ಫೈರ್‌ಬಾಕ್ಸಿನ ಬಾಯಿಗೆ ಹಿಡಿಯುತ್ತಾರೆ. ಬೆಂಕಿಗೆ ಗಾಳಿ ಸೆಳೆಯುವ ಬ್ಲೋಯರ್ ತಗ್ಗಿಸಿರಬೇಕು, ಸೆಳೆತ ಜೋರಾದರೆ ಬೇಕನ್ ಬೆಂಕಿಯೊಳಕ್ಕೇ ಹಾರಿಹೋಗುತ್ತದೆ. ಕೆಲವೇ ಕ್ಷಣ, ಅಂಚು ಗರಿಗರಿ, ಹಳದಿ ಇನ್ನೂ ಹಸಿ. ಬೆಳ್ಳಿ ಚಮಚದ ಮೇಜಿಗೆ ಅಂಥ ಮೊಟ್ಟೆ ಎಂದೂ ಬರುವುದಿಲ್ಲ.

ಬ್ಲೂಬೆಲ್ ಎಂಜಿನ್ ಓಡಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅಲ್ಲಿ ಊಟಕ್ಕೆ ಹೋಗುವ ಓದುಗರಲ್ಲಿ ನನ್ನದೊಂದು ಕೋರಿಕೆ: ರೈಲು ನಿಂತ ಮೇಲೆ ಎಂಜಿನ್ನಿನವರೆಗೆ ನಡೆದುಹೋಗಿ, ಸೂಪ್ ಚೆಲ್ಲಲಿಲ್ಲ ಎಂದು ಅವರಿಗೆ ತಿಳಿಸಿ ಬನ್ನಿ.